ನನ್ನ ಎದೆಯ ಅತಿಥಿಗೆ ನಿಮ್ಮ ಹೊಸ ಡಬ್ಬಿ ಒಗ್ಗಲಿಲ್ಲ

ಅಂಗ ಕಸಿಯಾದವರಿಗೆ ಸರ್ಕಾರದ ಔಷಧ ಹಂಚುವ ಮಾನ್ಯ ಅಧಿಕಾರಿಗಳೇ,

ನನ್ನನ್ನು ಕೇಳದೆ, ನನ್ನ ವೈದ್ಯರನ್ನೂ ಕೇಳದೆ ನನ್ನ ಮಾತ್ರೆ ಬದಲಾಯಿಸಿದಿರಿ. ನನ್ನ ಹೃದಯ ಮುನಿಸಿಕೊಂಡಿತು. ಈಗ ಮತ್ತೊಮ್ಮೆ ಬದಲಾಯಿಸಲು ಹೊರಟಿದ್ದೀರಂತೆ. ಅದಕ್ಕೇ ಈ ಪತ್ರ. ಹಿಂದಿನ ಅರ್ಜಿಗಳನ್ನು ನೀವು ಓದಲಿಲ್ಲ, ಇದನ್ನು ಊರೇ ಓದಲಿ.

ನನ್ನ ಹೃದಯ ಎಂದೆ, ಕ್ಷಮಿಸಿ. ಅದು ನನ್ನದಲ್ಲ. ಹೈದರಾಬಾದಿನಲ್ಲಿ ತೀರಿಕೊಂಡ ಯಾರದೋ ಮಗಳದ್ದು. ಹೆಸರು ನನಗೆ ಹೇಳಿಲ್ಲ. ದೇವದುರ್ಗದಲ್ಲಿ ಬಟ್ಟೆ ಅಂಗಡಿ ಇಟ್ಟುಕೊಂಡ ನನ್ನಂಥ ಗಿರಿಜಾ ಮೀಸೆಯವನೊಳಗೂ ಆಕೆ ಹೇಗೋ ಹೊಂದಿಕೊಂಡಿದ್ದಳು. ಆದರೆ ನನ್ನ ದೇಹಕ್ಕೆ ಅಷ್ಟು ಔದಾರ್ಯವಿಲ್ಲ. ಹೊರಗಿನವರು ಕಂಡರೆ ಸಾಕು, ನಿಮ್ಮ ಕಚೇರಿಯ ಗೇಟಿನವನ ಹಾಗೆ ಕತ್ತು ಹಿಡಿದು ದಬ್ಬಲು ನಿಲ್ಲುತ್ತದೆ. ಅದನ್ನು ಸುಮ್ಮನಿರಿಸುವುದೇ ಟ್ಯಾಕ್ರೊಲಿಮಸ್ ಎಂಬ ಔಷಧ. ಹೆಚ್ಚಾದರೆ ಕಿಡ್ನಿಗೆ ಪೆಟ್ಟು, ಕಡಿಮೆಯಾದರೆ ಹೃದಯಕ್ಕೆ. ಮತ್ತೆ ಮತ್ತೆ ರಕ್ತ ಪರೀಕ್ಷಿಸಿ ವೈದ್ಯರು ನನಗೊಂದು ಹದ ಹಿಡಿದುಕೊಟ್ಟಿದ್ದರು: ದಿನಕ್ಕೊಮ್ಮೆ, ನಿಧಾನವಾಗಿ ಕರಗುವ ಮಾತ್ರೆ. ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಲಿಂಗ ಹಿಡಿದ ಅದೇ ಅಂಗೈಗೆ ಮಾತ್ರೆ ಹಾಕಿಕೊಂಡು ನುಂಗುತ್ತಿದ್ದೆ. ಪೂಜೆ ತಪ್ಪಿಸುವವನಲ್ಲ, ಹಾಗಾಗಿ ಮಾತ್ರೆಯೂ ತಪ್ಪಲಿಲ್ಲ.

ಈ ಬೇಸಿಗೆಯಲ್ಲಿ ರಾಯಚೂರಿನ ನಿಮ್ಮ ಕೌಂಟರಿನಲ್ಲಿ ಬೇರೆ ಡಬ್ಬಿ ಕೊಟ್ಟರು. ಕೊಡುವ ಖಾಜಾಮಿಯಾನನ್ನು ಇದೇನೆಂದು ಕೇಳಿದೆ. "ಸಾವ್ಕಾರ್ರ, ಔಷಧ ಅದೇ ಅದ, ಮಿಲಿಗ್ರಾಮೂ ಅಷ್ಟೇ ಅದ. ಡಬ್ಬಿ ಅಷ್ಟ ಬ್ಯಾರೆ. ಮ್ಯಾಲಿಂದ ಹಂಗ ಹುಕುಂ ಬಂದದ್ರೀ" ಎಂದ. ಆತನದೇನೂ ತಪ್ಪಿಲ್ಲ, ನೀವು ಹೇಳಿ ಕಳಿಸಿದ್ದನ್ನೇ ಹೇಳಿದ. ನೀವು ಹೇಳದೆ ಬಿಟ್ಟಿದ್ದು ಇಷ್ಟೇ: ಅದು ಬೇಗ ಕರಗುವ ಬಗೆ, ಬೆಳಿಗ್ಗೆ ಅರ್ಧ, ರಾತ್ರಿ ಅರ್ಧ ತೆಗೆದುಕೊಳ್ಳಬೇಕು. ನಾನು ಎಂದಿನಂತೆ ಪೂಜೆಯಾದ ಮೇಲೆ ಅಷ್ಟನ್ನೂ ಒಮ್ಮೆಗೇ ನುಂಗಿದೆ. ಬೆಳಿಗ್ಗೆ ಔಷಧ ಒಮ್ಮೆಗೇ ಏರಿ ಕೈ ನಡುಗುತ್ತಿತ್ತು. ರಾತ್ರಿಗೆ ಔಷಧದ ಬಲ ಇಳಿದು ನನ್ನೊಳಗಿನ ಗೇಟಿನವನು ಎದ್ದು ಕೂರುತ್ತಿದ್ದ.

ಶ್ರಾವಣದ ಹೊತ್ತಿಗೆ ಕಾಲು ಬಾತವು. ಕಪಾಟಿನಿಂದ ಒಂದು ಸೀರೆ ಇಳಿಸಲೂ ಉಸಿರು ಸಾಲದಾಯಿತು. ಹೈದರಾಬಾದಿನ ವೈದ್ಯರು ಕುತ್ತಿಗೆಯಿಂದ ಸಣ್ಣ ನಳಿಕೆ ಇಳಿಸಿ, ಹೃದಯದ ಚೂರು ತೆಗೆದು ಪರೀಕ್ಷಿಸಿದರು. ದೇಹ ಅದನ್ನು ತಿರಸ್ಕರಿಸತೊಡಗಿದೆ ಎಂದರು. ಡಬ್ಬಿ ನೋಡಿ ಕಾರಣವನ್ನೂ ಅವರೇ ಹೇಳಿದರು. ಸತ್ತೇ ಹೋಗುತ್ತೇನೆಂದು ಹೆದರಿದೆ, ಸ್ವಾಮಿ. ಇಂಜೆಕ್ಷನ್ ಮೇಲೆ ಇಂಜೆಕ್ಷನ್ ಕೊಟ್ಟು ಉಳಿಸಿಕೊಂಡರು.

ನನ್ನ ದೂರಿಗೆ ತಾವು ದಯಪಾಲಿಸಿದ ಉತ್ತರ: "ಎರಡೂ ಔಷಧಗಳು ಸಮಾನ." ಆಹಾ, ಸಮಾನತೆ ಕೊನೆಗೂ ಬಂದಿದ್ದು ನಿಮ್ಮ ಉಗ್ರಾಣಕ್ಕೇ! ಅದನ್ನು ಓದಿ ನನ್ನ ಹೆಂಡತಿ ಅಂಬಮ್ಮ, "ಹಳಿ ಅಕ್ಕಿನೂ ಸೋನಾ ಮಸೂರಿನೇ, ಹೊಸ ಅಕ್ಕಿನೂ ಸೋನಾ ಮಸೂರಿನೇ. ಎರಡಕ್ಕೂ ಒಂದ ಅಳತಿ ನೀರು ಇಟ್ರ ಹೊಸಾದು ಗಂಜಿ ಆಗತದಲ್ರೀ. ಅವರ ಮನ್ಯಾಗ ಅನ್ನ ಯಾರು ಮಾಡ್ತಾರ ಕೇಳ್ರಿ" ಎಂದಳು. ಇಗೋ, ಕೇಳುತ್ತಿದ್ದೇನೆ. ಮಾನ್ವಿಯ ಮಿಲ್ಲಿನ ಅಕ್ಕಿಗಿರುವ ಮರ್ಯಾದೆ ಹೃದಯಕ್ಕೆ ಬೇಡವೇ?

ಬೇಡಿಕೆ ದೊಡ್ಡದಲ್ಲ. ಚಿಕಿತ್ಸೆ ಕೊಡುವ ವೈದ್ಯರು ಒಪ್ಪದೆ ಯಾರ ಮಾತ್ರೆಯನ್ನೂ ಬದಲಾಯಿಸಬೇಡಿ. ಬದಲಾಯಿಸಲೇಬೇಕಾದರೆ ರಕ್ತಪರೀಕ್ಷೆ ರಾಯಚೂರಿನಲ್ಲೇ ಆಗುವಂತೆ ಮಾಡಿ, ಎಷ್ಟು ಹೊತ್ತಿಗೆ ತೆಗೆದುಕೊಳ್ಳಬೇಕೆಂದು ಡಬ್ಬಿಯ ಮೇಲೆ ಕನ್ನಡದಲ್ಲಿ ಬರೆಸಿ. ನಾನು ಹೋದರೆ ಫಲಾನುಭವಿಯೊಬ್ಬ ಕಡಿಮೆಯಾದ ಎಂದು ನೀವು ಕಡತ ಮುಚ್ಚುತ್ತೀರಿ. ಆದರೆ ಎಲ್ಲೋ ಒಬ್ಬ ತಾಯಿ, ತನ್ನ ಮಗಳ ಎದೆ ಇನ್ನೂ ಬಡಿಯುತ್ತಿದೆ ಎಂದು ನಂಬಿ ಉಣ್ಣುತ್ತಿದ್ದಾಳೆ. ಆಕೆಗೆ ನೀವು ಏನು ಉತ್ತರ ಬರೆಯುತ್ತೀರಿ?

ಇಂತಿ,
ನಿಮ್ಮ ಸಮಾನತೆಯಿಂದ ಕೂದಲೆಳೆಯಲ್ಲಿ ಪಾರಾದ
ವಿರೂಪಣ್ಣ ಮತ್ತು ಆತನೊಳಗಿನ ಹೆಸರು ತಿಳಿಯದ ಮಗಳು
ದೇವದುರ್ಗ