ಅಕ್ಕನ ಹೋಮ್ ಲೀವ್

ಸೆಪ್ಟೆಂಬರ್ 7, ಭಾನುವಾರ

ಅಮ್ಮ ಬಂದುಬಿಟ್ಟಳು, ನಮ್ಮ ಮನೆಗೇ, ಇನ್ನು ಇಲ್ಲೇ ಇರುತ್ತಾಳೆ! ಕನಕನೇ ದುರ್ಗದ ತವರಿಗೆ ಕಾರು ಮಾಡಿಕೊಂಡು ಹೋಗಿ ಕರೆತಂದ. ಮದುವೆಯಾಗಿ ನಾಲ್ಕೇ ತಿಂಗಳು... ಇಂಥ ಗಂಡ ಯಾರಿಗಿದ್ದಾನೆ? ಐ ಲವ್ ಹಿಮ್, ಐ ಲವ್ ಹಿಮ್! ಬಾಗೂರಿನಿಂದ ಕನಕನ ಅಮ್ಮ, ನನ್ನ ಅತ್ತೆಯೂ ಬಂದಿದ್ದಾರೆ, ಎರಡು ಕಂಬಳಿ ಹೊತ್ತುಕೊಂಡು. ಹೊಸದುರ್ಗದ ಈ ಎರಡು ರೂಮಿನಲ್ಲಿ ಕಾಲಿಡಲು ಜಾಗವಿಲ್ಲ. ಎಷ್ಟು ಖುಷಿ!

ದಾವಣಗೆರೆಯ ಡಾಕ್ಟರ್ ಹೇಳಿದ್ದನ್ನು ಬರೆಯಬಾರದು ಅಂದುಕೊಂಡಿದ್ದೆ. ಬರೆದುಬಿಡುತ್ತೇನೆ. ತಲೆಯಲ್ಲಿ ಟ್ಯೂಮರ್. ಆಪರೇಷನ್ ಆಗುವುದಿಲ್ಲ. ಕ್ರಿಸ್‌ಮಸ್‌ವರೆಗೆ ಇರುವುದು ಅನುಮಾನ. ಸ್ವಭಾವವೇ ಬದಲಾಗುತ್ತದಂತೆ — ಬೈಯಬಹುದು, ಹೊಡೆಯಬಹುದು. ನನ್ನ ಅಮ್ಮ? ಇಪ್ಪತ್ತೆಂಟು ವರ್ಷ ಸ್ಕೂಲಿನಲ್ಲಿ ಆಯಾ ಆಗಿದ್ದವಳು. ಒಂದು ಮಗುವನ್ನೂ ಗದರಿಸಿದವಳಲ್ಲ.

ಸಂಜೆ ಕನಕ ಅಮ್ಮನಿಗೆ ಟೀ ಕೊಟ್ಟ. ಲೋಟ ಅವನ ಮುಖಕ್ಕೇ ಬಂತು. ಒರೆಸಿಕೊಂಡು ನಕ್ಕ. "ಸಕ್ಕರೆ ಕಮ್ಮಿ ಆಗಿರ್ಬೇಕು ಕಣೇ ಮೋನಿ."

ಸೆಪ್ಟೆಂಬರ್ 21, ಭಾನುವಾರ

ಕಚ್ಚಿದಳು. ನನ್ನ ಎಡಗೈಗೆ. ಹಲ್ಲಿನ ಸಾಲು ಪೂರ್ತಿ ಮೂಡಿದೆ. ಮಾತ್ರೆ ನುಂಗಿಸುವುದೆಂದರೆ ದಿನಾ ಯುದ್ಧ. ಗೆಲ್ಲುವುದು ಅತ್ತೆ ಒಬ್ಬರೇ — ಕುರಿಗೆ ಔಷಧಿ ಕುಡಿಸುವ ಹಾಗೆ ಹಿಂದಿನಿಂದ ಮೊಣಕಾಲುಗಳ ನಡುವೆ ಹಿಡಿದು, ಗದ್ದ ಎತ್ತಿ. "ಒದಿ ಬೀಗ್ತಿ, ಒದಿ. ನಮ್ಮ ಟಗರು ನಿನಗಿಂತ ಜೋರಾಗಿ ಒದೀತೈತೆ."

ಸಂಜೆ ಅಕ್ಕನ ಫೋನ್. ಅಕ್ಕ ಸಿಸ್ಟರ್, ಸನ್ಯಾಸಿನಿ, ಬೆಳಗಾವಿ ಕಡೆಯ ಕಾನ್ವೆಂಟಿನಲ್ಲಿದ್ದಾಳೆ. ಭಾನುವಾರ ಮಾತ್ರ ಫೋನ್, ಹದಿನೈದೇ ನಿಮಿಷ. ಸ್ಪೀಕರ್ ಹಾಕಿ ಅಮ್ಮನ ಕಿವಿಗೆ ಹಿಡಿದೆ. ಅಕ್ಕ ಜಪಸರದ ಪ್ರಾರ್ಥನೆ ಶುರು ಮಾಡಿದಳು. ಅಮ್ಮನ ಮುಷ್ಟಿ ಬಿಚ್ಚಿತು. "ದೊಡ್ಡೋಳು ಎಲ್ಲಿ? ಯಾವಾಗ ಬರ್ತಾಳೆ?" ಎರಡು ವಾರದಲ್ಲಿ ಮೊದಲ ನೆಟ್ಟಗಿನ ಮಾತು!

ಫೋನ್ ಕಟ್ ಆಯಿತು. ಗೋಡೆಗೆ ತಲೆ ಚಚ್ಚಿಕೊಂಡಳು.

ಅಕ್ಟೋಬರ್ 3, ಮೊದಲ ಶುಕ್ರವಾರ

ಫಾದರ್ ರೋಗಿಗಳ ಮನೆಗೆ ಪರಮಪ್ರಸಾದದ ರೊಟ್ಟಿಯ ಬಿಲ್ಲೆ ತರುವ ದಿನ. ಜೊತೆಗೆ ಚರ್ಚಿನ ಉಪದೇಶಿ ಸಣ್ಣಪ್ಪ, ಫಾದರ್‌ಗಿಂತ ದೊಡ್ಡ ಫಾದರ್. ಬಿಳಿ ಬಟ್ಟೆ, ಎರಡು ಮೇಣದಬತ್ತಿ, ಸೇವಂತಿಗೆ... ಎಷ್ಟು ಚೆಂದ ಮಾಡಿದ್ದೆ!

ಅಮ್ಮ ಬಾಯಿ ತೆರೆದಳು. ಇಸಿದುಕೊಂಡಳು. ಥೂ ಎಂದು ನೆಲಕ್ಕೆ ಉಗಿದಳು. ಮರುಕ್ಷಣ ಫಾದರ್ ಕೆನ್ನೆಗೊಂದು ಏಟು. ಕನ್ನಡಕ ಹಾರಿತು. ಪಾಪ ಅತ್ತೆ, ಅದು ನಮಗೆ ದೇವರ ದೇಹವೇ ಎಂದು ಅವರಿಗೇನು ಗೊತ್ತು, ಸೆರಗಿನಿಂದ ಒರೆಸಲು ಬಗ್ಗಿದರು. "ಮುಟ್ಟಬೇಡ!" ಎಂದು ಫಾದರ್ ತಳ್ಳಿಯೇಬಿಟ್ಟರು. ಮಂಚದ ಕಾಲಿಗೆ ಅತ್ತೆಯ ಹಣೆ ಬಡಿಯಿತು. ಫಾದರ್ ಮಂಡಿಯೂರಿ ಉಗಿದ ಪ್ರಸಾದ ಎತ್ತಿದರು, ನೆಲ ತೊಳೆದರು, ಎಷ್ಟು ಮೆತ್ತಗೆ! ಅತ್ತೆಯ ಹಣೆಯ ರಕ್ತದ ಕಡೆ ನೋಡಲೂ ಇಲ್ಲ.

"ಕಾಯಿಲೆ, ಫಾದರ್. ಟ್ಯೂಮರ್."

"ಇನ್ನು ಈ ಮನೆಗೆ ಪರಮಪ್ರಸಾದ ತರೋಕಾಗಲ್ಲ."

ಸಣ್ಣಪ್ಪ ದನಿ ಸೇರಿಸಿದ. "ಇದು ಕಾಯಿಲೆ ಅಲ್ಲಮ್ಮ, ಒಳಗೆ ಬ್ಯಾರೆ ಏನೋ ಹೊಕ್ಕೈತೆ. ನೀನು ಅನ್ಯಧರ್ಮದೋರ ಮನೆ ಸೇರಿದ್ಮೇಲೆ ಅಲ್ವಾ ಶುರುವಾಗಿದ್ದು?"

ಕನಕ ಅವನ ಕಾಲರ್ ಹಿಡಿದು ಬಾಗಿಲಾಚೆ ಎಸೆದ. ತಡೆಯಲಿಲ್ಲ. ಇನ್ನೊಂದು ಕೊಡು ಅಂದೆ. ಯೆಸ್, ಕೂಗಿ ಅಂದೆ.

ಅಕ್ಟೋಬರ್ 12, ಭಾನುವಾರ

ಮದರ್ ಸುಪೀರಿಯರ್ ಜೊತೆ ಮಾತಾಡಿದೆ. ಅಕ್ಕನನ್ನು ನಾಲ್ಕು ದಿನ ಕಳಿಸಿ ಎಂದು ಬೇಡಿದೆ.

"ಹೋಮ್ ಲೀವ್ ಮೂರು ವರ್ಷಕ್ಕೊಮ್ಮೆ ಮಗಳೇ. ಮೇ ತಿಂಗಳಲ್ಲಿ ನಿನ್ನ ಮದುವೆಗೆ ಬಂದಿದ್ದರಲ್ಲ."

"ಅಮ್ಮ ಸಾಯ್ತಿದ್ದಾಳೆ, ಮದರ್."

"ಪ್ರಾರ್ಥನೆ ಮಾಡ್ತೇವೆ. ಏನಾದರೂ ಆದರೆ ಖಂಡಿತ ಕಳಿಸ್ತೇವೆ. ಅಂತ್ಯಕ್ರಿಯೆಗೆ ರಜೆ ರೂಲಿನಲ್ಲೇ ಇದೆ."

ಹೆಣ ನೋಡಲು ರಜೆ ಇದೆ. ಅಮ್ಮನನ್ನು ನೋಡಲು ಇಲ್ಲ.

ಅಕ್ಕ ಮದುವೆಗೆ ಮೊದಲೇ ಹೇಳಿದ್ದಳು — ಅಮ್ಮನಿಗೆ ಬಹಳ ತಲೆನೋವಂತೆ, ಲೀವ್ ಉಳಿಸಿಕೊಳ್ಳುತ್ತೇನೆ ಕಣೇ ಎಂದು. ಮೂರು ದಿನ ಅಳುತ್ತಲೇ ಇದ್ದೆ ನಾನು. ಫೋಟೋದಲ್ಲಿ ನೀನಿಲ್ಲದಿದ್ದರೆ ಮದುವೆಯೇ ಬೇಡ ಎಂದೆ. ಬಂದಳು. ಫೋಟೋ ಹಾಲ್‌ನಲ್ಲಿದೆ. ಒಡೆದು ಹಾಕಬೇಕು ಅನಿಸುತ್ತದೆ.

ಅಕ್ಟೋಬರ್ 21, ಬೆಳಿಗ್ಗೆ 11

ಕತ್ತು ಹಿಸುಕಿದಳು. ಒಲೆಯ ಮುಂದೆ, ಹಿಂದಿನಿಂದ ಬಂದು. "ದೊಡ್ಡೋಳನ್ನ ಎಲ್ಲಿ ಬಚ್ಚಿಟ್ಟಿದೀಯೇ, ಲೌಡಿ?" ಅಮ್ಮನ ಬಾಯಲ್ಲಿ ಆ ಮಾತು. ಕಣ್ಣು ಕತ್ತಲಾಯಿತು.

ಹೊಡೆದೆ. ಕೈ ಬಿಡಿಸಿಕೊಂಡ ಮೇಲೂ ಹೊಡೆದೆ. ಎರಡು ಸಲ, ಕೆನ್ನೆಗೆ.

ಮೂಲೆಗೆ ಹೋಗಿ ಕೈಕಟ್ಟಿ ಕುಳಿತಳು. "ಇನ್ಮೇಲೆ ಮಾಡಲ್ಲ ಮಿಸ್."

ಅಕ್ಟೋಬರ್ 27, ಸೋಮವಾರ

ಕಾನ್ವೆಂಟಿಗೆ ಫೋನ್ ಮಾಡಿದೆ. ಅಮ್ಮ ಹೋದಳು ಅಂದೆ. ಒಂದೇ ಉಸಿರಿನಲ್ಲಿ. ಅಳು ತಾನಾಗಿ ಬಂತು.

"ಬೆಳಿಗ್ಗೆಯೇ ಕಳಿಸ್ತೇವೆ," ಎಂದರು ಮದರ್.

ಪಕ್ಕದಲ್ಲೇ ಅಮ್ಮ ಮುದ್ದೆ ನುಂಗುತ್ತಿದ್ದಳು. ಕನಕ ತಲೆ ಹಿಡಿದುಕೊಂಡ. "ಏನೇ ಮಾಡ್ಬಿಟ್ಟೆ?" ಅಕ್ಕ ಬರ್ತಾಳೆ ಕನಕ, ಅಕ್ಕ ಬರ್ತಾಳೆ! ಅಷ್ಟೇ ಮತ್ತೆ ಮತ್ತೆ ಹೇಳಿದೆ.

ಅಕ್ಟೋಬರ್ 28

ಕಾನ್ವೆಂಟಿನವರು ಚರ್ಚಿಗೆ ತಿಳಿಸುತ್ತಾರೆ ಎಂಬುದು ನನಗೆ ಹೊಳೆಯಲೇ ಇಲ್ಲ. ಈಡಿಯಟ್, ಈಡಿಯಟ್.

ಒಂಬತ್ತು ಗಂಟೆಗೆ ಬಾಗಿಲಲ್ಲಿ ಸಣ್ಣಪ್ಪ. ಕೈಯಲ್ಲಿ ಹೂವಿನ ಚಕ್ರ, ಹಿಂದೆ ನಾಲ್ಕು ಜನ, ಟಾಟಾ ಏಸ್‌ನಲ್ಲಿ ಶವಪೆಟ್ಟಿಗೆ. ನಾನು ಬಚ್ಚಲಲ್ಲಿದ್ದೆ. ಬಾಗಿಲು ತೆಗೆದವಳು ಅಮ್ಮ. ಪೆಟ್ಟಿಗೆ ನೋಡಿದಳು. ಒಳಗೆ ಹೋದಳು. ಲಟ್ಟಣಿಗೆ ತಂದಳು. ಸಣ್ಣಪ್ಪನ ಹುಬ್ಬು ಸೀಳಿತು, ಅಂಗಿಯೆಲ್ಲ ರಕ್ತ. ಬಿದ್ದ ಮೇಲೂ ಬಿಡಲಿಲ್ಲ, ಬೆನ್ನಿಗೆ, ಕೈಗೆ. ಕನಕ ಎಳೆದುಕೊಳ್ಳುವಷ್ಟರಲ್ಲಿ ಸಣ್ಣಪ್ಪನ ಒಂದು ಬೆರಳು ಮುರಿದಿತ್ತು.

"ನೋಡ್ಕಳ್ರಿ ಉಪದೇಶಿಗಳೇ," ಅಂದರು ಅತ್ತೆ, "ಹೆಣ ಎಷ್ಟು ಗಟ್ಟಿಯಾಗೈತೆ."

ನಗು ಬಂತು.

ಸಂಜೆ ಮದರ್ ಫೋನ್. ಅಕ್ಕ ಹುಬ್ಬಳ್ಳಿವರೆಗೆ ಬಂದಿದ್ದಳಂತೆ. ಅಲ್ಲಿಂದಲೇ ವಾಪಸ್ ಕರೆಸಿದರಂತೆ. "ವಿಧೇಯತೆ ಅವರ ವ್ರತ." ಫಾದರ್ ಕಡೆಯಿಂದಲೂ ಮಾತು ಬಂತು — ಪೂಜೆಯಲ್ಲಿ ಎಲ್ಲರ ಮುಂದೆ ನಾನು ಕ್ಷಮೆ ಕೇಳಬೇಕು, ಅಲ್ಲಿಯವರೆಗೆ ಅಮ್ಮನ ಸಮಾಧಿಗೆ ಜಾಗವಿಲ್ಲ.

ಪ್ಲೇಟುಗಳನ್ನು ಒಂದೊಂದಾಗಿ ಗೋಡೆಗೆ ಎಸೆದೆ. ಮದುವೆಯ ಸೆಟ್. ಹನ್ನೆರಡೂ.

ನವೆಂಬರ್ 4, ಮಂಗಳವಾರ

ಅಮ್ಮನ ಕೈಗಳನ್ನು ಅತ್ತೆಯ ಹಳೆಯ ಸೀರೆಯಿಂದ ಮಂಚಕ್ಕೆ ಕಟ್ಟಿದ್ದೇವೆ, ಶನಿವಾರದಿಂದ. ಬೈಯುವ ಶಕ್ತಿಯೂ ಇಲ್ಲ. ಒದೆಯುವುದೂ ನಿಂತಿದೆ. ಅದೇ ಇನ್ನೂ ಹೆಚ್ಚು ಭಯ.

ಮಧ್ಯಾಹ್ನ ಗೊತ್ತಿಲ್ಲದ ನಂಬರಿನಿಂದ ಫೋನ್. ಅಕ್ಕ!

"ಅಡುಗೆ ಮಾಡೋರ ಮೊಬೈಲ್ ಕಣೇ. ಬೇಗ ಹೇಳ್ಬೇಕು. ನಾನೇ ಹೋಗಿ ಮದರ್‌ನ ಕೇಳಿದೆ. ಹೋದರೆ ಮತ್ತೆ ಒಳಗೆ ಸೇರಿಸಲ್ಲ ಅಂದ್ರು."

"ಹದಿನಾಲ್ಕು ವರ್ಷ, ಅಕ್ಕಾ..."

"ಲೆಕ್ಕ ನನಗೆ ಗೊತ್ತಿದೆ."

"ನಾನು ಸುಳ್ಳು ಹೇಳಿದೆ. ನನ್ನ ಬೈ."

"ಬೈಯಲ್ಲ. ಬಂದು ಹೊಡೀತೀನಿ. ನಾಲ್ಕು. ಸಿಸ್ಟರ್ ಬಟ್ಟೆ ಇಲ್ಲೇ ಬಿಟ್ಟು ಬರ್ತೀನಿ, ನನ್ನ ಹತ್ತಿರ ಸೀರೆ ಇಲ್ಲ, ನಿಂದೊಂದು ಎತ್ತಿಡು. ಈಗ ಟ್ರೈನ್ ಬರ್ಕೋ."

ಪೆನ್ ಸಿಗಲಿಲ್ಲ, ಕಾಡಿಗೆಯಿಂದ ಗೋಡೆಯ ಮೇಲೆ ಬರೆದುಕೊಂಡೆ. ಆಮೇಲೆ ಅಮ್ಮನ ಕೈ ಬಿಚ್ಚಿದೆ. ಹೊಡೆದರೆ ಹೊಡೆಯಲಿ. ಕಿವಿಯ ಹತ್ತಿರ ಬಗ್ಗಿ ಓದಿದೆ, ಅವಳಿಗೆ ಕೇಳುವಷ್ಟು ಜೋರಾಗಿ — ಗುರುವಾರ, ಅಮ್ಮಾ. ಹುಬ್ಬಳ್ಳಿ–ಬೆಂಗಳೂರು ಪ್ಯಾಸೆಂಜರ್. ಹೊಸದುರ್ಗ ರೋಡ್ ಸ್ಟೇಷನ್ನಿಗೆ ದೊಡ್ಡೋಳು ಬರ್ತಾಳೆ.