ದುರಸ್ತಿಯಾದದ್ದನ್ನು ಪುಡಿ ಮಾಡಿ ತೂಕ ತಿಳಿಸಿ ಎಂದ ಹಸಿರು ಮುದ್ರೆ ಕಚೇರಿಗೆ

ಮಾನ್ಯ ಮುಖ್ಯಾಧಿಕಾರಿಗಳೇ,

ನೇರವಾಗಿ ವಿಷಯಕ್ಕೆ ಬರುತ್ತೇನೆ. ಸುತ್ತಿ ಬಳಸಿ ಬರೆಯುವ ಹಕ್ಕನ್ನು ತಮ್ಮ ಕಚೇರಿ ಈಗಾಗಲೇ ಪೂರ್ತಿ ಬಳಸಿಕೊಂಡಿರುವುದರಿಂದ ನನ್ನ ಪಾಲಿಗೆ ಏನೂ ಉಳಿದಿಲ್ಲ. ವಿದ್ಯುನ್ಮಾನ ಸಾಮಗ್ರಿಗಳಿಗೆ ತಾವು ಕೊಡುವ ಹಸಿರು ಮುದ್ರೆಯ ನಿಯಮಾವಳಿ, ನಾಲ್ಕನೇ ಆವೃತ್ತಿ, ಹನ್ನೆರಡನೇ ಕಲಮು: ಒಮ್ಮೆ ಬಿಚ್ಚಿ ದುರಸ್ತಿ ಮಾಡಿದ ಉತ್ಪನ್ನದ ‘ಮೂಲದ ಜಾಡು ಕಡಿದುಹೋಗಿರುತ್ತದೆ’, ಆದ್ದರಿಂದ ಅದನ್ನು ಮತ್ತೆ ಬಳಕೆಗೆ ಬಿಡದೆ, ಇಬ್ಬರು ಸಾಕ್ಷಿಗಳ ಎದುರು ಪುಡಿ ಮಾಡಿ, ಪುಡಿಯ ತೂಕವನ್ನು ಕಚೇರಿಗೆ ತಿಳಿಸತಕ್ಕದ್ದು. ಕೆಟ್ಟದ್ದನ್ನು ಎಸೆದವನಿಗೆ ಮುದ್ರೆ ಉಂಟು, ಸರಿಮಾಡಿದವನಿಗೆ ಇಲ್ಲ. ಈ ಒಂದು ಕಲಮಿನಿಂದಾಗಿ ನಮ್ಮ ಕಾರ್ಖಾನೆಯ ದುರಸ್ತಿ ಮೇಜು ಈ ತಿಂಗಳ ಹದಿನೆಂಟಕ್ಕೆ ಮುಚ್ಚಬೇಕಾಗಿದೆ. ಆ ಮೇಜಿನ ಹಿಂದೆ ಇಪ್ಪತ್ತೆರಡು ವರ್ಷಗಳಿಂದ ಕೂತಿರುವವಳು ನನ್ನ ಅತ್ತಿಗೆ. ಪುಡಿ ಮಾಡಿ ತೂಕ ಕಳಿಸುವ ಪಟ್ಟಿಯಲ್ಲಿ ಅವಳನ್ನೂ ಸೇರಿಸಬೇಕೇ ಎಂಬುದು ಕಲಮಿನಲ್ಲಿ ಸ್ಪಷ್ಟವಾಗಿಲ್ಲ.

ನಾನು ಯಾರೆಂದು ಹೇಳಿಬಿಡುತ್ತೇನೆ. ಲ್ಯಾಪ್‌ಟಾಪಿನ ಬಾಲದಲ್ಲಿ ಒಂದು ಕಪ್ಪು ಇಟ್ಟಿಗೆ ನೇತಾಡುತ್ತದಲ್ಲ, ಅಡಾಪ್ಟರ್ ಎನ್ನುತ್ತಾರೆ, ಅದನ್ನು ಮಾಡುವವನು. ಹತ್ತನೇ ತರಗತಿಯನ್ನು ಇತರರು ಒಂದು ಸಲ ಓದಿದರೆ ನಾನು ಎರಡು ಸಲ ಓದಿದ್ದೇನೆ. ಓದು ಗಟ್ಟಿಯಾಗಲಿಲ್ಲ, ಸಂಕಲ್ಪ ಗಟ್ಟಿಯಾಯಿತು. ಮಹಡಿ ಮೆಟ್ಟಿಲ ಕೆಳಗಿನ ಮೂರಡಿ ಜಾಗದಲ್ಲಿ ರೇಡಿಯೊ ರಿಪೇರಿ ಶುರುಮಾಡಿದಾಗ ಬೆಸುಗೆ ಕಡ್ಡಿ ಹಿಡಿಯಲು ಕಲಿಸಿದವಳು ಇದೇ ಅತ್ತಿಗೆ. ಈಗ ಕಾರ್ಖಾನೆಯ ಎರಡು ಹಾಲ್‌ಗಳಲ್ಲಿ ಮೂವತ್ತೆರಡು ಜನ ಕೆಲಸ ಮಾಡುತ್ತಾರೆ. ನಮ್ಮ ಮಾಲಿನ ಹತ್ತರಲ್ಲಿ ಏಳು ಪಾಲು ಒಂದೇ ದೊಡ್ಡ ಕಂಪ್ಯೂಟರ್ ಕಂಪನಿಗೆ ಹೋಗುತ್ತದೆ. ಆ ಕಂಪನಿಗೆ ತಮ್ಮ ಮುದ್ರೆಯಿಲ್ಲದ ಇಟ್ಟಿಗೆ ಬೇಡ.

ನಾನು ಹಸಿರಿನ ಶತ್ರು ಎಂದುಕೊಳ್ಳಬೇಡಿ. ತಮ್ಮ ಮೊದಲ ಆವೃತ್ತಿ ಬಂದಾಗ ಬೆಸುಗೆಯಲ್ಲಿ ಸೀಸ ಬಳಸುವುದು ನಿಂತಿತು. ಎರಡನೆಯದು ಬಂದಾಗ ಬೆಸುಗೆ ಹಾಲಿಗೆ ಹೊಗೆ ಎಳೆಯುವ ಫ್ಯಾನು ಬಂತು. ಅದಕ್ಕೆ ಮೊದಲು ಸಂಜೆ ಹೊತ್ತಿಗೆ ನಮ್ಮವರು ಒಬ್ಬರನ್ನೊಬ್ಬರು ದನಿಯಿಂದ ಗುರುತು ಹಿಡಿಯುತ್ತಿದ್ದರು. ಇವೆರಡಕ್ಕೂ ತಮಗೆ ಕೈ ಮುಗಿದಿದ್ದೇನೆ, ಈಗಲೂ ಮುಗಿಯುತ್ತೇನೆ. ಮೂರನೇ ಆವೃತ್ತಿಯಿಂದಾಚೆ ಮಾತ್ರ ಕೈ ಮುಗಿಯಲು ಬಿಡುವಾಗುತ್ತಿಲ್ಲ. ಎರಡೂ ಕೈಯಲ್ಲಿ ಅರ್ಜಿ ಇರುತ್ತದೆ.

ಮೂರನೇ ಆವೃತ್ತಿಯಲ್ಲಿ ಪ್ರತಿಯೊಂದು ಬಿಡಿಭಾಗದ ಹುಟ್ಟೂರು ಬರೆದುಕೊಡಿ ಎಂದಿರಿ. ಸ್ಕ್ರೂ ಮಾರುವವನ ಅಂಗಡಿಗೆ ನಾನೇ ಹೋದೆ. ಉಕ್ಕು ಯಾವ ಗಣಿಯದ್ದು, ಯಾವ ಕುಲುಮೆಯದ್ದು ಎಂದು ಹನ್ನೊಂದು ಪ್ರಶ್ನೆಯ ಕಾಗದವನ್ನು ಮುಂದಿಟ್ಟೆ. ಅವನು ಕನ್ನಡಕ ಏರಿಸಿ ಓದಿದ, ಇಳಿಸಿ ನನ್ನನ್ನು ನೋಡಿದ.

“ಇಪ್ಪತ್ತು ವರ್ಷದಿಂದ ನನ್ನ ಹತ್ರ ಸ್ಕ್ರೂ ತಗೊಳ್ತಿದೀರ. ಇವತ್ತು ಬಂದು ಅದರ ಅಪ್ಪ ಯಾರು ಅಂತ ಕೇಳ್ತೀರಲ್ಲ, ಸರೀನಾ?”

“ನಾನು ಕೇಳ್ತಿಲ್ಲ, ಕಚೇರಿ ಕೇಳ್ತಿದೆ.”

“ಹಾಗಾದ್ರೆ ಒಂದ್ಮಾತು ಹೇಳಿ ಅವರಿಗೆ, ಒಳ್ಳೆ ಮನೆತನದ ಸ್ಕ್ರೂ ಅಂತ.”

ಆರು ವಾರ ಓಡಾಡಿ ಆ ಮನೆತನದ ವಂಶಾವಳಿ ಹೊರಡಿಸಿದೆವು. ಆಮೇಲೆ ತಮ್ಮ ಪರಿಶೀಲಕರು ಬಂದರು. ಸಭ್ಯರು, ಚಪ್ಪಲಿ ಹೊರಗೆ ಬಿಡಲೇ ಎಂದು ಕೇಳಿದ ಮೊದಲ ಅಧಿಕಾರಿ ಅವರು. ಅವರ ಕೈಯಲ್ಲಿ ಎರಡು ಪರೀಕ್ಷೆಗಳಿದ್ದವು. ಏಳನೇ ಕಲಮಿನ ಪ್ರಕಾರ ಅಡಾಪ್ಟರನ್ನು ಮೇಜಿನೆತ್ತರದಿಂದ ಆರು ಸಲ ಬೀಳಿಸಿದರೂ ಬಾಯಿ ಬಿಡಬಾರದು. ಒಂಬತ್ತನೇ ಕಲಮಿನ ಪ್ರಕಾರ ದುರಸ್ತಿಗೆ ಅನುಕೂಲವಾಗುವಂತೆ ಮನೆಯಲ್ಲಿರುವ ಸಾಮಾನ್ಯ ಸ್ಕ್ರೂಡ್ರೈವರಿನಿಂದ ಹತ್ತು ನಿಮಿಷದೊಳಗೆ ಬಿಚ್ಚಲು ಬರಬೇಕು. ಬೀಳಿಸುವ ಪರೀಕ್ಷೆ ಸಲೀಸಾಗಿ ಮುಗಿಯಿತು. ಆರು ಸಲ ಬಿತ್ತು, ಒಂದು ಗೆರೆ ಕೂಡ ಬೀಳಲಿಲ್ಲ. ನಮ್ಮ ಮೇಸ್ತ್ರಿ ಗೋಡೆಗೊರಗಿ, ಮಗಳ ಮದುವೆ ಮುಗಿಸಿದವನಂತೆ ನಗುತ್ತಿದ್ದ. ಆ ನಗೆಯನ್ನು ನಾನು ಆಗಲೇ ಅನುಮಾನಿಸಬೇಕಿತ್ತು.

ಬಿಚ್ಚುವ ಪರೀಕ್ಷೆಗೆ ಅತ್ತಿಗೆಯನ್ನು ಕರೆದೆ. ಅವಳು ಕೈ ಒರೆಸಿಕೊಂಡು ಬಂದಳು. ಪರಿಶೀಲಕರು ತಡೆದರು.

“ಇವರು ಬೇಡ. ನಿಯಮದಲ್ಲಿ ಸಾಮಾನ್ಯ ಬಳಕೆದಾರರು ಅಂತಿದೆ.”

“ನಾನೇನು ಅಸಾಮಾನ್ಯಳೇನಪ್ಪಾ?” ಎಂದಳು ಅತ್ತಿಗೆ. “ಇಷ್ಟು ವರ್ಷ ಆಯ್ತು, ನಮ್ಮನೇಲಿ ಒಬ್ರೂ ಹೇಳಲಿಲ್ಲ ನೋಡು.”

ಕೊನೆಗೆ ಆ ಹಾಲಿನಲ್ಲಿ ಅಡಾಪ್ಟರ್ ಬಿಚ್ಚಿ ಗೊತ್ತಿಲ್ಲದವರು ಪರಿಶೀಲಕರೊಬ್ಬರೇ ಎಂದು ತೀರ್ಮಾನವಾಯಿತು. ಅವರೇ ತೋಳು ಮಡಿಸಿ ಕೂತರು. ಮೊದಲ ಸ್ಕ್ರೂ ಅಲ್ಲಾಡಲಿಲ್ಲ. ಎರಡನೆಯದೂ ಇಲ್ಲ. ನಾಲ್ಕನೇ ನಿಮಿಷಕ್ಕೆ ಕನ್ನಡಕ ತೆಗೆದಿಟ್ಟರು, ಏಳನೇ ನಿಮಿಷಕ್ಕೆ ಅಡಾಪ್ಟರನ್ನು ಮೊಣಕಾಲುಗಳ ನಡುವೆ ಒತ್ತಿಕೊಂಡರು. ಒಂಬತ್ತನೇ ನಿಮಿಷಕ್ಕೆ ಸ್ಕ್ರೂಡ್ರೈವರಿನ ಹಿಡಿ ಮುರಿಯಿತು. ಆಗ ಮೇಸ್ತ್ರಿ, ಮೆಚ್ಚುಗೆ ಬಂತೆಂದೇ ತಿಳಿದು, ಮುಂದೆ ಬಂದ.

“ಬರಲ್ಲ ಸಾರ್! ಬೀಳೋ ಪರೀಕ್ಷೆ ಇದೆ ಅಂತ ಒಂದೊಂದು ಸ್ಕ್ರೂಗೂ ನಾನೇ ಕೈಯಾರೆ ಒಂದೊಂದು ತೊಟ್ಟು ಅಂಟು ಬಿಟ್ಟಿದೀನಿ. ಭೂಮಿ ನಡುಗಿದ್ರೂ ಬಿಚ್ಚಲ್ಲ.”

“ಎಷ್ಟಕ್ಕೆ ಬಿಟ್ಟಿದೀಯೋ?” ಎಂದೆ ನಾನು.

“ಗೋಡೌನಲ್ಲಿರೋದಕ್ಕೆಲ್ಲ” ಎಂದ. “ಅಂಟು ಇದ್ದಿದ್ರೆ ಇನ್ನೂ ಬಿಡ್ತಿದ್ದೆ, ಮುಗಿದುಹೋಯ್ತು.”

ಅವನನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಏಳನೇ ಕಲಮನ್ನು ಅವನಷ್ಟು ಭಕ್ತಿಯಿಂದ ಪಾಲಿಸಿದವರು ತಮ್ಮ ಕಚೇರಿಯಲ್ಲೂ ಇರಲಾರರು. ಒಂಬತ್ತನೆಯದು ಬೇರೆ ಪುಟದಲ್ಲಿತ್ತು, ಅಷ್ಟೇ. ವರದಿಯಲ್ಲಿ ಒಂದೇ ಅಡಾಪ್ಟರಿನ ಬಗ್ಗೆ ‘ಬಾಳಿಕೆ ಅತ್ಯುತ್ತಮ’ ಮತ್ತು ‘ಬಿಚ್ಚಲಸಾಧ್ಯ’ ಎಂದು ಎರಡೂ ಬಂತು. ಪರಿಹಾರ ಹುಡುಕಿದ್ದು ಅತ್ತಿಗೆ: ಬೆಸುಗೆ ಕಡ್ಡಿಯ ಬಿಸಿಯಿಂದ ಅಂಟು ಬಿಡಿಸಿ, ಪ್ರತಿ ಸ್ಕ್ರೂವಿನ ತಲೆಯಡಿ ಒಂದು ಸ್ಪ್ರಿಂಗ್ ವಾಷರ್. ಬಿದ್ದರೆ ಸಡಿಲವಾಗದು, ತಿರುಗಿಸಿದರೆ ಬಿಚ್ಚುತ್ತದೆ. ಮೂರು ವಾರದಲ್ಲಿ ಮರುಪರೀಕ್ಷೆ ಗೆದ್ದು ಮುದ್ರೆ ಪಡೆದೆವು. ವಾಷರಿನ ವಂಶಾವಳಿಗೆ ಮತ್ತೆ ಸ್ಕ್ರೂ ಅಂಗಡಿಗೆ ಹೋದಾಗ ಅವನು ಶಟರ್ ಎಳೆಯುವವನಂತೆ ನಟಿಸಿದ ಎಂಬುದು ಬೇರೆ ಮಾತು.

ಇಷ್ಟಾಗಿ ಒಂದು ವರ್ಷ ತುಂಬುವ ಮೊದಲೇ ನಾಲ್ಕನೇ ಆವೃತ್ತಿ. ಪೂರೈಕೆದಾರರನ್ನು ಅದಕ್ಕೆ ಸಜ್ಜುಗೊಳಿಸಲು ತಾವು ಎರಡು ದಿನಗಳ ಸಿದ್ಧತಾ ಶಿಬಿರ ಏರ್ಪಡಿಸಿದಿರಿ. ಬಾಗಿಲಲ್ಲೇ ಪ್ರತಿಯೊಬ್ಬರಿಗೂ ಪ್ಲಾಸ್ಟಿಕ್ ಚೀಲ, ಅದರಲ್ಲಿ ಪ್ಲಾಸ್ಟಿಕ್ ಪೆನ್ನು, ಪ್ಲಾಸ್ಟಿಕ್ ಹೊದಿಕೆಯ ಗುರುತುಚೀಟಿ, ಮತ್ತು ಒಂದೇ ಬದಿ ಮುದ್ರಿಸಿದ ಇನ್ನೂರ ಹದಿನಾಲ್ಕು ಹಾಳೆ. ಮೊದಲ ಹಾಳೆಯ ಶೀರ್ಷಿಕೆ ‘ಕಾಗದದ ಮಿತವ್ಯಯ’. ಹಿಂಬದಿ ಖಾಲಿ ಇದ್ದುದರಿಂದ ಅಲ್ಲೇ ನಾನು ಈ ಪತ್ರದ ಕರಡು ಬರೆದೆ. ತಾವು ಕೊಟ್ಟದ್ದನ್ನು ವ್ಯರ್ಥ ಮಾಡಿಲ್ಲ.

ಹನ್ನೆರಡನೇ ಕಲಮು ಪರದೆಯ ಮೇಲೆ ಬಂದಾಗ ನಾನು ಎದ್ದು ನಿಂತೆ.

“ಸಾರ್, ಒಂಬತ್ತನೇ ಕಲಮು ಬಿಚ್ಚೋಕೆ ಬರಬೇಕು ಅನ್ನುತ್ತೆ. ಹನ್ನೆರಡನೇದು ಬಿಚ್ಚಿದ್ರೆ ಪುಡಿ ಮಾಡಿ ಅನ್ನುತ್ತೆ. ಹಾಗಾದ್ರೆ ಬಿಚ್ಚೋದು ಯಾತಕ್ಕೆ?”

ತರಬೇತುದಾರರು ಬೇಸರಿಸಲಿಲ್ಲ. “ಬಿಚ್ಚೋಕೆ ಬರೋ ಹಾಗಿರಬೇಕು ಸಾರ್. ಬಿಚ್ಚಬೇಕು ಅಂತೇನಿಲ್ಲ.”

ನನ್ನ ಪಕ್ಕದಲ್ಲಿ ಕೂತಿದ್ದಾಕೆ ತಂತಿಗಳಿಗೆ ರಬ್ಬರ್ ಕವಚ ಮಾಡುವವರು. ಮೆಲ್ಲಗೆ ಎಂದರು: “ನಮ್ಮತ್ತೆ ಶೋಕೇಸಲ್ಲಿಟ್ಟಿರೋ ಪಿಂಗಾಣಿ ತಟ್ಟೆ ಹಾಗೆ. ದಿನಾ ಒರೆಸ್ಬೇಕು, ಅದರಲ್ಲಿ ತಿನ್ನೋ ಹಾಗಿಲ್ಲ.”

ಸ್ವಾಮಿ, ನನಗೆ ಸಿದ್ಧಾಂತ ಬರುವುದಿಲ್ಲ, ಎಣಿಕೆ ಬರುತ್ತದೆ. ಕಳೆದ ವರ್ಷ ದುರಸ್ತಿಗೆಂದು ನಮ್ಮಲ್ಲಿಗೆ ಮರಳಿದ ಅಡಾಪ್ಟರುಗಳು ಸಾವಿರದ ನೂರ ನಲವತ್ತು. ಅತ್ತಿಗೆಯ ಮೇಜಿನಿಂದ ಉಸಿರಾಡುತ್ತ ವಾಪಸು ಹೋದದ್ದು ಸಾವಿರದ ಎಂಬತ್ತಮೂರು. ಉಳಿದ ಐವತ್ತೇಳು ತಮ್ಮ ಬಿಡಿಭಾಗಗಳನ್ನು ಸೋದರರಿಗೆ ದಾನ ಮಾಡಿ ಕಣ್ಮುಚ್ಚಿದವು. ಹತ್ತಕ್ಕೆ ಒಂಬತ್ತರ ಕಾಯಿಲೆ ಒಂದೇ: ತಂತಿ ಇಟ್ಟಿಗೆಯೊಳಗೆ ನುಗ್ಗುವ ಕುತ್ತಿಗೆಯಲ್ಲಿ ಬಾಗಿ ಬಾಗಿ ಒಳಗೇ ತುಂಡಾಗಿರುತ್ತದೆ. ಎರಡು ಅಂಗುಲ ಕತ್ತರಿಸಿ ಮತ್ತೆ ಬೆಸೆದರೆ ಆಯಿತು, ಹತ್ತು ನಿಮಿಷದ ಕೆಲಸ. ತಮ್ಮ ಕಲಮಿನಂತೆ ನಡೆದರೆ ಆ ಎರಡೆರಡು ಅಂಗುಲ ತಂತಿಗಾಗಿ ವರ್ಷಕ್ಕೆ ಮುನ್ನೂರ ಇಪ್ಪತ್ತೈದು ಕಿಲೋ ಗಟ್ಟಿಮುಟ್ಟಾದ ಅಡಾಪ್ಟರನ್ನು ಅರೆಯಬೇಕು. ಅರೆಯಲು ಯಂತ್ರ ಬೇಕು, ಯಂತ್ರಕ್ಕೆ ವಿದ್ಯುತ್ತು ಬೇಕು, ಸಾಕ್ಷಿಗಳಿಗೆ ಕುರ್ಚಿ ಬೇಕು, ಅರೆದವುಗಳ ಬದಲಿಗೆ ಹೊಸ ಇಟ್ಟಿಗೆ ಮಾಡಬೇಕು. ಇದರಲ್ಲಿ ಹಸಿರು ಯಾವ ಮೂಲೆಯಲ್ಲಿದೆ ಎಂದು ತೋರಿಸಿದರೆ ನಾನೇ ಬಂದು ಅದಕ್ಕೆ ನೀರು ಹಾಕುತ್ತೇನೆ.

ಜಾಡು ಕಡಿದುಹೋಗುತ್ತದೆ ಎಂಬ ತಮ್ಮ ಆತಂಕ ನನಗೆ ಅರ್ಥವಾಗುತ್ತದೆ. ದುರಸ್ತಿಯ ನೆಪದಲ್ಲಿ ಕಳಪೆ ಭಾಗ ತುರುಕಿ, ಮುದ್ರೆ ಉಳಿಸಿಕೊಳ್ಳುವ ಕಳ್ಳರು ಈ ವ್ಯಾಪಾರದಲ್ಲಿದ್ದಾರೆ. ನನಗೆ ಇಬ್ಬರು ಗೊತ್ತು. ಆದರೆ ಅತ್ತಿಗೆ ಮುಟ್ಟಿದ ಪ್ರತಿಯೊಂದು ಅಡಾಪ್ಟರಿನ ಒಳಮೈಯಲ್ಲಿ ತಾರೀಖು, ಬದಲಿಸಿದ ಭಾಗ, ಅವಳ ಸಹಿ ಇರುತ್ತದೆ. ಎರಡನೇ ಸಲ ಬಂದರೆ ಮೊದಲ ಸಲದ್ದು ಓದಿ ಬೈದುಕೊಂಡೇ ಬಿಚ್ಚುತ್ತಾಳೆ. ಇದಕ್ಕಿಂತ ಚೊಕ್ಕ ಜಾಡು ಬೇಕೆಂದರೆ ಅವಳ ಬೆರಳಚ್ಚನ್ನೇ ಕಳಿಸಬೇಕು.

ಈಗ ಅರ್ಜಿಯ ಕಥೆ. ಹದಿನೆಂಟರೊಳಗೆ ಗಣಕಯಂತ್ರದಲ್ಲಿ ತುಂಬಬೇಕಾದ ಅರ್ಜಿ. ‘ದುರಸ್ತಿ ವಿಭಾಗ ಇದೆಯೇ?’ ಇದೆ ಎಂದು ಒತ್ತಿದೆ. ತಕ್ಷಣ ಇನ್ನೊಂದು ಚೌಕ ತೆರೆಯಿತು: ‘ನಾಶಪಡಿಸಿದ ಪ್ರಮಾಣ, ಕಿಲೋಗಳಲ್ಲಿ.’ ‘ನಾಶ ಮಾಡುವುದಿಲ್ಲ, ಸರಿಮಾಡಿ ಕಳಿಸುತ್ತೇವೆ’ ಎಂದು ಬರೆದೆ. ಅಂಕಿ ಮಾತ್ರ ಬರೆಯಿರಿ ಎಂದಿತು. ಸೊನ್ನೆ ಬರೆದೆ. ಸೊನ್ನೆಯನ್ನು ಅಳಿಸಿ ‘ಮಾಹಿತಿ ಅಸಂಗತ’ ಎಂದು ಕೆಂಪಗಾಯಿತು. ತಮ್ಮ ಸಹಾಯವಾಣಿಗೆ ಫೋನ್ ಮಾಡಿದರೆ ಸಿಕ್ಕಿದ್ದು ಶಿಬಿರದ ಅದೇ ತರಬೇತುದಾರರು.

“ಸಾರ್, ದುರಸ್ತಿ ವಿಭಾಗ ಇಲ್ಲ ಅಂತ ಒತ್ತಿಬಿಡಿ. ಮುಂದಿನ ಪುಟಕ್ಕೆ ಹೋಗುತ್ತೆ.”

“ಇದೆಯಲ್ಲ ಸಾರ್, ಕಣ್ಮುಂದೆ ಕೂತಿದಾರೆ.”

“ಅದಕ್ಕೇ ಹೇಳ್ತಿರೋದು. ಹದಿನೆಂಟರ ಒಳಗೆ ಇಲ್ಲ ಅಂತ ಮಾಡ್ಕೊಳ್ಳಿ.”

ಫೋನಿನ ದನಿ ದೊಡ್ಡದಿತ್ತು, ಅತ್ತಿಗೆಗೆ ಕೇಳಿಸಿತು. ಬೆಸುಗೆ ಕಡ್ಡಿಯನ್ನು ಸ್ಟ್ಯಾಂಡಿನಲ್ಲಿಟ್ಟಳು.

“ಇಲ್ಲ ಅಂತ ಒತ್ತೋ. ಮೂವತ್ತೊಂದು ಜನರ ಅನ್ನ ಇದು. ನಾನು ಮನೇಲಿ ಕೂತು ಟೀವಿ ನೋಡ್ತೀನಿ.”

“ನಿಮ್ಮನೆ ಟೀವಿ ಕೆಟ್ಟು ಎರಡು ವರ್ಷ ಆಯ್ತಲ್ಲ ಅತ್ತಿಗೆ?”

“ಊರೋರದ್ದೆಲ್ಲ ಮಾಡಿ ಮುಗಿಯೋ ಹೊತ್ತಿಗೆ ನಮ್ಮದಕ್ಕೆ ಟೈಮೆಲ್ಲಿತ್ತು?” ಎಂದು ನಕ್ಕಳು. ನಕ್ಕವಳು ಮತ್ತೆ ಕಡ್ಡಿ ಎತ್ತಿಕೊಳ್ಳಲು ಸ್ವಲ್ಪ ಹೊತ್ತು ಹಿಡಿಯಿತು. ನಾನದನ್ನೂ ಎಣಿಸಿದೆ, ತಮಗೆ ಹೇಳುವುದಿಲ್ಲ.

‘ಇಲ್ಲ’ ಎಂದು ಒತ್ತಿಲ್ಲ ಮಾನ್ಯರೇ, ಒತ್ತುವುದೂ ಇಲ್ಲ. ಈ ವಿಷಯವನ್ನು ಮೂವತ್ತೊಂದು ಜನರ ಮುಂದಿಟ್ಟೆ. ಮೊದಲು ಬಾಯಿಬಿಟ್ಟವನು ಮೇಸ್ತ್ರಿ: “ಆಯಮ್ಮ ಇಲ್ಲದಿದ್ರೆ ನನ್ನ ಅಂಟು ಬಿಡಿಸ್ತಿದ್ದೋರು ಯಾರು?” ಬೇರೆ ಯಾರೂ ಎದುರಾಡಲಿಲ್ಲ. ಆದ್ದರಿಂದ ಅರ್ಜಿಯಲ್ಲಿ ‘ಇದೆ’ ಎಂದೇ ನಿಂತಿದೆ, ಕೆಂಪಗೆ.

ನನ್ನ ಬೇಡಿಕೆ ದೊಡ್ಡದಲ್ಲ. ನಿಯಮಾವಳಿ ಸುಡಿ ಎನ್ನುತ್ತಿಲ್ಲ. ಸುಟ್ಟರೆ ಹೊಗೆಗೆ ಇನ್ನೊಂದು ಆವೃತ್ತಿ ಬರುತ್ತದೆ. ನಾಶದ ಚೌಕದ ಪಕ್ಕದಲ್ಲಿ ಇನ್ನೊಂದು ಚೌಕ ಹಾಕಿ: ‘ದುರಸ್ತಿಯಾಗಿ ಮರಳಿ ಬಳಕೆಗೆ ಹೋದದ್ದು, ಎಷ್ಟು?’ ದಾಖಲೆ ಕೇಳಿ, ಕೊಡುತ್ತೇವೆ. ಹೇಳದೆ ಕೇಳದೆ ಬಂದು ಹತ್ತು ಅಡಾಪ್ಟರ್ ಬಿಚ್ಚಿ ನೋಡಿ, ಸುಳ್ಳು ಸಿಕ್ಕರೆ ಮುದ್ರೆ ಕಿತ್ತುಕೊಳ್ಳಿ. ಹದಿನೆಂಟನೇ ತಾರೀಖು ಸಂಜೆಯೊಳಗೆ ಆ ಒಂದು ಚೌಕ ಬೇಕು.

ಪತ್ರ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಇವತ್ತು ಬೆಳಗ್ಗೆ ದುರಸ್ತಿಗೆ ಬಂದ ಪೆಟ್ಟಿಗೆ ತೆರೆದ ಅತ್ತಿಗೆ ನನ್ನನ್ನು ಕೂಗಿದಳು. ಕೈಯಲ್ಲೊಂದು ಅಡಾಪ್ಟರ್, ಅದರ ಬೆನ್ನಿಗೆ ತಮ್ಮ ಕಚೇರಿಯ ದಾಸ್ತಾನು ಸಂಖ್ಯೆ, ಮತ್ತು ರಬ್ಬರ್ ಬ್ಯಾಂಡಿನಿಂದ ಸುತ್ತಿದ ಒಂದು ಚೀಟಿ: ‘ಹನ್ನೆರಡನೇ ಕಲಮಿನ ಮಾರ್ಗಸೂಚಿ ಟೈಪ್ ಮಾಡುವುದು ಅರ್ಧಕ್ಕೆ ನಿಂತಿದೆ. ದಯವಿಟ್ಟು ಬೇಗ ರಿಪೇರಿ ಮಾಡಿಕೊಡಿ.’ ಕುತ್ತಿಗೆಯ ಕಾಯಿಲೆಯೇ. ಎರಡು ಅಂಗುಲ ಕತ್ತರಿಸಿ ಬೆಸೆದಿದ್ದಾಳೆ, ಒಳಗೆ ಸಹಿಯೂ ಇದೆ. ಈ ಪತ್ರದ ಜೊತೆಗಿರುವ ಪೊಟ್ಟಣದಲ್ಲಿ ಅದನ್ನು ಕಳಿಸುತ್ತಿದ್ದೇನೆ. ಇಬ್ಬರು ಸಾಕ್ಷಿಗಳನ್ನು ಕರೆದು ಪುಡಿ ಮಾಡುವಿರೋ, ಗೋಡೆಗೆ ಚುಚ್ಚಿ ಉಳಿದರ್ಧ ಟೈಪ್ ಮಾಡುವಿರೋ, ತಮಗೆ ಬಿಟ್ಟದ್ದು. ಪುಡಿ ಮಾಡುವುದಾದರೆ ತೂಕ ತಿಳಿಸಿ. ನಮ್ಮ ಅರ್ಜಿಯಲ್ಲಿ ಆ ಚೌಕ ಇನ್ನೂ ಖಾಲಿ ಇದೆ.

ಇಂತಿ, ತಮ್ಮ ಪಟ್ಟಿಯಲ್ಲಿ ‘ಸಿದ್ಧತೆ ಅಪೂರ್ಣ’ ಎಂದು ದಾಖಲಾಗಿರುವ,
ಮೂವತ್ತೆರಡೂ ಜನರನ್ನು ಇಟ್ಟುಕೊಂಡಿರುವ ಒಬ್ಬ ಅಡಾಪ್ಟರಿನವ