ಮಾವ ಕೊಂಡ ಗಂಧದ ಕೊರಡು

ಅಕ್ಕನ ಮಗಳಿಗೆ ಸೋದರಮಾವನ ಆಶೀರ್ವಾದ. ಶ್ರೀಗಂಧವನ್ನು ಮೂಸಿಯೇ ಬೆಲೆ ಕಟ್ಟುವವರಲ್ಲಿ ಪ್ರಪಂಚಕ್ಕೆ ನಾನೇ ಮೊದಲಿಗನೆಂದು ಈ ಊರಿಗೆ ಊರೇ ಒಪ್ಪಿಕೊಂಡಿದೆ. ತಲೆನೋವಿಗೆ ತೇಯ್ದು ಹಣೆಗೆ ಹಚ್ಚಿಕೊಳ್ಳಲು ನಿಮ್ಮಮ್ಮ ದುಡ್ಡು ಕೊಟ್ಟು ತರಹೇಳಿದ್ದ ಗಂಧದ ಕೊರಡನ್ನು ನಿನ್ನೆ ಕೊಂಡೆ. "ತೇಯ್ದು ತೋರಿಸಯ್ಯ" ಎಂದಿದ್ದಕ್ಕೆ ಅಂಗಡಿಯವನು, "ನಿಮ್ಮಂಥ ಮೂಗಿಗೂ ತೇಯ್ದು ತೋರಿಸಬೇಕಾ ಸ್ವಾಮಿ?" ಎಂದ. ಅವನ ಮಾತು ನ್ಯಾಯವೇ ಅನ್ನಿಸಿತು. ಬಸ್ಸಿನಲ್ಲಿ ಅದರ ಘಮಕ್ಕೆ ಪಕ್ಕದ ಅಜ್ಜಿ ನನ್ನ ಚೀಲದ ಮೇಲೆ ತಲೆಯಿಟ್ಟು ಗೊರಕೆ ಹೊಡೆದಳು. ರೂಮಿಗೆ ಬಂದು ಕಲ್ಲಿನ ಮೇಲೆ ತೇಯ್ದರೆ ಮೊದಲು ಘಮಘಮ, ಆಮೇಲೆ ಬರೀ ಮರದ ಹೊಟ್ಟು. ಮನೆಯೊಡತಿ ಇಣುಕಿ, "ಮೇಲೆ ಗಂಧದೆಣ್ಣೆ ಸವರಿದ್ದಾರೆ ಕಣಣ್ಣ. ಇದು ಮಂಚದ ಕಾಲು, ಮೊಳೆ ಹೊಡೆದ ತೂತು ಕಾಣಲ್ವಾ?" ಎಂದಳು. ಆ ತೂತನ್ನು ನಾನು ಪರಿಮಳ ಹೊರಬರುವ ದಾರಿಯೆಂದು ತಿಳಿದಿದ್ದೆ.

ಆರೋಗ್ಯ ಚೆನ್ನಾಗಿದೆ. ನಿನ್ನೆ ಮಾತ್ರ ಮೂಗು ಕಟ್ಟಿತ್ತೆಂದು ನಿಮ್ಮಮ್ಮನಿಗೆ ಮೊದಲು ಓದಿ ಹೇಳು. ನೂರೋ ಇನ್ನೂರೋ ಹೋಯಿತೆಂದು ಬರೆಯೋಣವೆಂದಿದ್ದೆ, ಆದರೆ ತಲೆನೋವೂ ಅವಳದು, ದುಡ್ಡೂ ಅವಳದು. ಕಾರ್ಡಿನಲ್ಲಿ ಜಾಗ ಮುಗಿಯಿತು. ಇಂತಿ ನಿನ್ನ ಮಾವ. ಹೋದದ್ದು ಎರಡು ಸಾವಿರದ ಏಳುನೂರು.